ಜೇಮ್ಸ್ ಅರ್ಲ್ ರೇ ಒಬ್ಬನೇ ಇದ್ದನಾ?

ಪ್ರಶ್ನೆ: ಸರ್, ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಜೇಮ್ಸ್ ಅರ್ಲ್ ರೇ ಎಂಬಾತ ಗುಂಡಿಟ್ಟು ಕೊಂದ ಎಂದು ಓದಿದ್ದೆ. ಮೊನ್ನೆ ಒಂದು ವಿಡಿಯೊ ನೋಡಿ ತಲೆ ಕೆಟ್ಟುಹೋಯಿತು. ಕಿಂಗ್ ಅವರ ಮನೆಯವರೇ ರೇ ನಿರಪರಾಧಿ ಎಂದು ನಂಬಿದ್ದರಂತೆ. 1999ರಲ್ಲಿ ಜ್ಯೂರಿಯೊಂದು ಸರ್ಕಾರದ ಕೈವಾಡ ಇತ್ತು ಎಂದು ತೀರ್ಪು ಕೊಟ್ಟಿತಂತೆ. ಹಾಗಾದರೆ ರೇ ಒಬ್ಬನೇ ಮಾಡಿದ್ದಾ? ಜೊತೆಗೆ ಯಾರಾದರೂ ಇದ್ದರಾ? ಇಲ್ಲಾ ಅವನನ್ನು ಸುಮ್ನೆ ಸಿಕ್ಕಿಸಿದರಾ?
(ಹಾಸನದ ಓದುಗರೊಬ್ಬರು)

ಉತ್ತರ: ತಲೆ ಕೆಡುವಂಥ ವಿಷಯವೇ ಬಿಡಿ. ವಿಡಿಯೊದಲ್ಲಿ ನೀವು ಕೇಳಿದ ಎರಡೂ ಮಾತು ಸುಳ್ಳಲ್ಲ. ಕಿಂಗ್ ಅವರ ಮಗ ಡೆಕ್ಸ್‌ಟರ್ 1997ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್‌ನ ಜೈಲಿಗೆ ಹೋದರು. ಕಾಯಿಲೆ ಬಿದ್ದಿದ್ದ ರೇ ಎದುರು ಕೂತು, ನನ್ನ ತಂದೆಯನ್ನು ಕೊಂದಿದ್ದು ನೀವೇನಾ ಎಂದು ನೇರವಾಗಿ ಕೇಳಿದರು. ರೇ ಇಲ್ಲ ಅಂದ. ಮಗ ಅದನ್ನು ನಂಬಿದರು. 1999ರ ಡಿಸೆಂಬರ್‌ನಲ್ಲಿ, ಕೊಲೆ ನಡೆದ ಅಮೆರಿಕದ ಮೆಂಫಿಸ್ ನಗರದ ಜ್ಯೂರಿಯೊಂದು ಇದು ಸಂಚು, ಸರ್ಕಾರದ ಸಂಸ್ಥೆಗಳೂ ಅದರಲ್ಲಿದ್ದವು ಎಂದಿದ್ದೂ ನಿಜ. ಆದರೆ ಆ ಕೋರ್ಟಿನಲ್ಲಿ ನಡೆದದ್ದು ಏನು ಎಂಬುದನ್ನು ವಿಡಿಯೊದವರು ಹೇಳಿರಲಾರರು. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದು ಬೇಡ. ಗುಂಡು ಹಾರಿಸಿದವನು ರೇ. ಆ ಹೊತ್ತಿನಲ್ಲಿ ಗುಂಡು ಹಾರಿದ ಕಿಟಕಿಯ ಬಳಿ ಅವನೊಬ್ಬನೇ ಇದ್ದ. ಆದರೆ ಅದಕ್ಕೂ ಹಿಂದಿನ ಒಂದು ವರ್ಷ ಅವನು ಪೂರ್ತಿ ಒಂಟಿಯಾಗಿದ್ದ ಎಂದು ನನಗನ್ನಿಸುವುದಿಲ್ಲ. ಹಿಂದೆ ಯಾರಾದರೂ ಇದ್ದರೆ ಅದು ಸಿಐಎ, ಎಫ್‌ಬಿಐಗಳಲ್ಲ. ಅದಕ್ಕಿಂತ ತುಂಬಾ ಸಣ್ಣ ಮಟ್ಟದ ಜನ.

ನಮ್ಮ ಸೆಷನ್ಸ್ ಕೋರ್ಟುಗಳಲ್ಲಿ ಓಡಾಡಿದವರಿಗೆ ಒಂದು ಮಾತು ಕಿವಿಗೆ ಬಿದ್ದೇ ಇರುತ್ತೆ: ‘302 ರೆಡ್ ವಿತ್ 34’. ಕೊಲೆ, ಅದೂ ಸಮಾನ ಉದ್ದೇಶದಿಂದ ಜೊತೆ ಸೇರಿ ಮಾಡಿದ ಕೊಲೆ. ಸಂಚು ಎಂದರೆ ಬೇರೆ, ಅದು 120ಬಿ. ಈಗ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಂಬರುಗಳು ಬದಲಾಗಿವೆ. ಆದರೂ ಹಳೇ ವಕೀಲರ ಬಾಯಲ್ಲಿ ಹಳೇ ನಂಬರೇ. ಇದನ್ನು ಯಾಕೆ ಹೇಳಿದೆ ಅಂದರೆ, ‘ಒಬ್ಬನೇ ಮಾಡಿದ್ದಾ’ ಎಂಬುದು ಒಂದು ಪ್ರಶ್ನೆಯಲ್ಲ. ಟ್ರಿಗರ್ ಎಳೆದವರು ಯಾರು, ಆ ಜಾಗದಲ್ಲಿ ಜೊತೆಗಿದ್ದವರು ಯಾರು, ದೂರ ಕೂತು ದುಡ್ಡು ಕೊಟ್ಟವರೋ ಆಸೆ ಹುಟ್ಟಿಸಿದವರೋ ಯಾರು ಎಂದು ಬೇರೆ ಬೇರೆ ಕೇಳಬೇಕು. ರೇ ವಿಷಯದಲ್ಲಿ ಐವತ್ತು ವರ್ಷದಿಂದ ಜನ ಮೂರನ್ನೂ ಕಲಸಿಬಿಟ್ಟಿದ್ದಾರೆ. ಮೂರನೆಯದಕ್ಕೆ ಅನುಮಾನ ಇದೆ ಎಂದರೆ ಸಾಕು, ಮೊದಲನೆಯದೂ ಸುಳ್ಳು ಅಂದುಬಿಡುತ್ತಾರೆ.

ಈಗ ಘಟನೆಗೆ ಬರೋಣ. 1968ರ ಫೆಬ್ರವರಿಯಲ್ಲಿ ಮೆಂಫಿಸ್‌ನ ಸುಮಾರು 1,300 ಪೌರಕಾರ್ಮಿಕರು ಮುಷ್ಕರ ಹೂಡಿದ್ದರು. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಾರ್ಮಿಕರು ಸತ್ತಿದ್ದರು. ಮುಷ್ಕರ ಹೂಡಿದವರು ಬಹುತೇಕ ಎಲ್ಲರೂ ಕಪ್ಪು ಜನ. ಅವರ ಬೆಂಬಲಕ್ಕೆ ಕಿಂಗ್ ಬಂದಿದ್ದರು. ಏಪ್ರಿಲ್ 4ರ ಸಂಜೆ 6 ಗಂಟೆ 1 ನಿಮಿಷ. ಲೊರೇನ್ ಮೋಟೆಲಿನ 306ನೇ ಕೋಣೆಯ ಮುಂದಿನ ಬಾಲ್ಕನಿಯಲ್ಲಿ ನಿಂತಿದ್ದಾಗ ಒಂದೇ ಒಂದು ಗುಂಡು ಬಂತು. ಒಂದು ಗಂಟೆಯಲ್ಲಿ ಆಸ್ಪತ್ರೆಯಲ್ಲಿ ಜೀವ ಹೋಯಿತು. ಅವರಿಗೆ ಆಗ 39 ವರ್ಷ.

ಮೋಟೆಲಿನ ಎದುರು, ಸುಮಾರು 200 ಅಡಿ ದೂರದಲ್ಲಿ ಒಂದು ಬಾಡಿಗೆ ಕೋಣೆಗಳ ಕಟ್ಟಡ. ನಮ್ಮಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಇರುತ್ತವಲ್ಲ, ದಿನದ ಲೆಕ್ಕದ ಅಗ್ಗದ ಲಾಡ್ಜು, ಹೆಚ್ಚುಕಮ್ಮಿ ಅಂಥದ್ದು. ಅವತ್ತು ಮಧ್ಯಾಹ್ನ ಜಾನ್ ವಿಲ್ಲರ್ಡ್ ಎಂಬ ಹೆಸರಿನಲ್ಲಿ ಒಬ್ಬ ಬಂದ. ಮೊದಲು ತೋರಿಸಿದ ಕೋಣೆ ಬೇಡ ಅಂದ. ಹಿಂದಿನ ಸಾಲಿನ 5ಬಿ ಹಿಡಿದ. ಅದೇ ಸಾಲಿನ ಕೊನೆಯಲ್ಲಿ ಎಲ್ಲರೂ ಬಳಸುವ ಬಚ್ಚಲುಮನೆ. ಅದರ ಕಿಟಕಿಯಿಂದ ಲೊರೇನ್ ಮೋಟೆಲಿನ ಬಾಲ್ಕನಿ ನೇರ ಕಾಣುತ್ತಿತ್ತು.

ಗುಂಡು ಹಾರಿದ ಕೆಲವೇ ನಿಮಿಷದಲ್ಲಿ ಪಕ್ಕದ ಅಂಗಡಿಯ ಬಾಗಿಲಲ್ಲಿ ಬೆಡ್‌ಶೀಟ್ ಸುತ್ತಿದ ಒಂದು ಗಂಟು ಸಿಕ್ಕಿತು. ಅದರಲ್ಲಿ ರೆಮಿಂಗ್ಟನ್ ರೈಫಲ್, ಬೈನಾಕ್ಯುಲರ್, ಬಿಯರ್ ಕ್ಯಾನು, ದಿನಪತ್ರಿಕೆ, ಒಳಉಡುಪು, ಒಂದು ಪುಟ್ಟ ಟ್ರಾನ್ಸಿಸ್ಟರ್ ರೇಡಿಯೊ. ರೈಫಲ್ ಮೇಲೆ, ಅದರ ಟೆಲಿಸ್ಕೋಪ್ ಮೇಲೆ, ಬೈನಾಕ್ಯುಲರ್ ಮೇಲೆ ಬೆರಳಚ್ಚು. ಕಂಪ್ಯೂಟರ್ ಇಲ್ಲದ ಕಾಲ. ತಲೆಮರೆಸಿಕೊಂಡಿದ್ದ ಸುಮಾರು 53,000 ಜನರ ಬೆರಳಚ್ಚು ಕಾರ್ಡುಗಳನ್ನು ಎಫ್‌ಬಿಐನವರು ಕೈಯಲ್ಲೇ ಹುಡುಕಲು ಕೂತರು. ಏಪ್ರಿಲ್ 19ಕ್ಕೆ ಹೆಸರು ಸಿಕ್ಕಿತು: ಜೇಮ್ಸ್ ಅರ್ಲ್ ರೇ, ಮಿಸೌರಿ ರಾಜ್ಯದ ಜೈಲಿನಿಂದ ಒಂದು ವರ್ಷದ ಹಿಂದೆ ತಪ್ಪಿಸಿಕೊಂಡವನು. ರೇಡಿಯೊ ಮೇಲೆ ಗೀಚಿದ ಒಂದು ಸಂಖ್ಯೆ ಇತ್ತು, 00416. ಅದು ಜೈಲಿನಲ್ಲಿ ಅವನ ಕೈದಿ ನಂಬರು.

ರೇ ನಿರಪರಾಧಿ ಎನ್ನುವವರ ದೊಡ್ಡ ಅಸ್ತ್ರ ಗುಂಡು. ಕಿಂಗ್ ಅವರ ದೇಹದಿಂದ ತೆಗೆದ ಗುಂಡು ಇದೇ ರೈಫಲಿನಿಂದ ಬಂತು ಎಂದು ಎಫ್‌ಬಿಐ ಹೇಳಲಾಗಲಿಲ್ಲ. ಎಪ್ಪತ್ತರ ದಶಕದಲ್ಲಿ ಈ ಕೊಲೆಯನ್ನು ಮತ್ತೆ ತನಿಖೆ ಮಾಡಿದ ಅಮೆರಿಕ ಸಂಸತ್ತಿನ ಸಮಿತಿ ಕರೆಸಿದ ತಜ್ಞರಿಗೂ ಆಗಲಿಲ್ಲ. 1997ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗಲೂ ಫಲಿತಾಂಶ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಇದನ್ನು ವಿಡಿಯೊದವರು ‘ಗುಂಡು ಹೊಂದಲಿಲ್ಲ’ ಎಂದು ಹೇಳುತ್ತಾರೆ. ಎರಡೂ ಒಂದೇ ಅಲ್ಲ, ಅಲ್ವಾ? ‘ಈ ರೈಫಲಿನದಲ್ಲ’ ಎಂದು ಯಾವ ತಜ್ಞರ ತಂಡವೂ ಹೇಳಲಿಲ್ಲ. ಆ ರೈಫಲ್ ಒಂದೊಂದು ಗುಂಡಿನ ಮೇಲೂ ಒಂದೊಂದು ಥರ ಗೀರು ಬಿಡುತ್ತಿತ್ತು. ಪರೀಕ್ಷೆಗೆಂದು ಅದರಿಂದಲೇ ಹಾರಿಸಿದ ಎರಡು ಗುಂಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಾಗಾಗಿ ಗುಂಡಿನ ಸಾಕ್ಷ್ಯವನ್ನು ಪಕ್ಕಕ್ಕಿಡಿ. ಪ್ರಾಸಿಕ್ಯೂಷನ್‌ಗೂ ಅದರಿಂದ ಲಾಭವಿಲ್ಲ, ರೇಗೂ ಇಲ್ಲ.

ಸರಿ, ರೇ ಏನು ಹೇಳುತ್ತಿದ್ದ? ‘ರವೂಲ್’ ಎಂಬ ಒಬ್ಬ ಮನುಷ್ಯನ ಕಥೆ. 1967ರ ಬೇಸಿಗೆಯಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಬಾರೊಂದರಲ್ಲಿ ಪರಿಚಯವಾದನಂತೆ. ಕಳ್ಳಸಾಗಣೆ ಮಾಡಿಸಿದನಂತೆ, ದುಡ್ಡು ಕೊಟ್ಟನಂತೆ, ಕಾರು ಕೊಡಿಸಿದನಂತೆ. ಬಂದೂಕು ವ್ಯಾಪಾರದ ಗಿರಾಕಿಗೆ ತೋರಿಸಬೇಕು ಎಂದು ರೈಫಲ್ ತರಿಸಿದನಂತೆ. ಗುಂಡು ಹಾರಿದಾಗ ರೇ ಕಾರಿನ ಟೈರು ಸರಿಮಾಡಿಸಲು ಹೋಗಿದ್ದನಂತೆ. ಅಂದರೆ ಕೊಂದವನು ರವೂಲೋ ಅವನ ಕಡೆಯವರೋ, ತಾನು ಬರೀ ಹರಕೆಯ ಕುರಿ.

ಕಥೆ ಕೇಳಲು ಚೆನ್ನಾಗಿದೆ. ಆದರೆ ರೇ ಮಾಂಟ್ರಿಯಲ್, ಬರ್ಮಿಂಗ್‌ಹ್ಯಾಮ್, ಮೆಕ್ಸಿಕೊ, ಲಾಸ್ ಏಂಜಲೀಸ್ ಎಲ್ಲಾ ಸುತ್ತಿದ ಆ ತಿಂಗಳುಗಳಲ್ಲಿ ಅವನ ಜೊತೆ ಈ ರವೂಲನನ್ನು ಕಂಡೆ ಎಂದು ಹೇಳುವ ನಂಬಬಹುದಾದ ಒಂದು ಸಾಕ್ಷಿಯೂ ಸಿಗಲಿಲ್ಲ. ಅವನ ಕೂದಲ ಬಣ್ಣ ಒಂದು ಸಲ ಹೊಂಬಣ್ಣ, ಇನ್ನೊಂದು ಸಲ ಕೆಂಚು. ಲಾಸ್ ಏಂಜಲೀಸ್‌ನಲ್ಲಿ ರೇ ಡ್ಯಾನ್ಸ್ ಕ್ಲಾಸಿಗೆ ಸೇರಿದ್ದ, ಬಾರ್ ಕೆಲಸ ಕಲಿಯುವ ಶಾಲೆಗೆ ಹೋಗಿದ್ದ, ಮೂಗಿಗೆ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡಿದ್ದ. ಅಲ್ಲೆಲ್ಲ ಅವನನ್ನು ನೆನಪಿಟ್ಟುಕೊಂಡ ಜನ ಇದ್ದರು. ರವೂಲನನ್ನು ನೆನಪಿಟ್ಟುಕೊಂಡವರು ಮಾತ್ರ ಯಾರೂ ಇಲ್ಲ.

ಆ ಕಥೆ ಬಿದ್ದದ್ದು ಎಲ್ಲಿ ಗೊತ್ತಾ? ಒಂದು ಲಾಂಡ್ರಿ ಚೀಟಿಯ ಮೇಲೆ. ನನಗೆ ಈ ಕೇಸಿನಲ್ಲಿ ಅತಿ ಇಷ್ಟವಾದ ಭಾಗ ಇದೇ.

ರೇ ಮಾರ್ಚ್ 30ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ರೈಫಲ್ ತಗೊಂಡ. ಅಲ್ಲಿಂದ ನಿಧಾನವಾಗಿ ಕಾರು ಓಡಿಸಿಕೊಂಡು, ದಾರಿಯ ಮೋಟೆಲುಗಳಲ್ಲಿ ತಂಗುತ್ತಾ ಮೆಂಫಿಸ್‌ಗೆ ಹೋದೆ ಎಂಬುದು ಅವನ ಹೇಳಿಕೆ. ಅಟ್ಲಾಂಟಾಕ್ಕೆ ವಾಪಸ್ ಹೋಗಲೇ ಇಲ್ಲ ಎಂದು ಹಟ ಹಿಡಿದಿದ್ದ. ಅಟ್ಲಾಂಟಾ ಕಿಂಗ್ ಅವರ ಊರು. ರೈಫಲ್ ಕೊಂಡವನು ಮತ್ತೆ ಅವರ ಊರಿಗೆ ಹೋಗಿ, ಅಲ್ಲಿಂದ ಅವರು ಹೊರಟ ಮೆಂಫಿಸ್‌ಗೆ ಹೋದ ಎಂದಾದರೆ, ಅದು ಹಿಂಬಾಲಿಸಿಕೊಂಡು ಹೋದದ್ದೇ ಆಗುತ್ತೆ. ಅದಕ್ಕೇ ಆ ಹಟ. 1978ರ ಆಗಸ್ಟ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ, ಟಿವಿ ಕ್ಯಾಮರಾಗಳ ಎದುರು ರೇ ಕೂತಿದ್ದ. ನಾನು ಅಟ್ಲಾಂಟಾಕ್ಕೆ ಮರಳಿದ್ದೆ ಎಂದು ತೋರಿಸಿದರೆ ಈ ಕೊಲೆಯ ಹೊಣೆಯನ್ನು ಇಲ್ಲೇ ಟಿವಿಯಲ್ಲಿ ಹೊತ್ತುಕೊಳ್ಳುತ್ತೇನೆ ಎಂಬರ್ಥದ ಮಾತಾಡಿದ. ಸಮಿತಿಯ ಅಧ್ಯಕ್ಷ ಲೂಯಿಸ್ ಸ್ಟೋಕ್ಸ್ ಸ್ವತಃ ಕ್ರಿಮಿನಲ್ ವಕೀಲರಾಗಿದ್ದವರು. ಅವರು ಅಟ್ಲಾಂಟಾದ ಲಾಂಡ್ರಿಯೊಂದರ ದಾಖಲೆ ಮುಂದಿಟ್ಟರು. ಏಪ್ರಿಲ್ 1ರಂದು ಎರಿಕ್ ಗಾಲ್ಟ್ ಬಟ್ಟೆ ಕೊಟ್ಟಿದ್ದಾನೆ. ಏಪ್ರಿಲ್ 5ರಂದು, ಅಂದರೆ ಕೊಲೆಯ ಮಾರನೆಯ ದಿನ, ಬಂದು ತಗೊಂಡು ಹೋಗಿದ್ದಾನೆ. ಗಾಲ್ಟ್ ಎಂಬುದು ರೇ ಇಟ್ಟುಕೊಂಡಿದ್ದ ಹೆಸರು. ಅಟ್ಲಾಂಟಾದ ಅವನ ಕೋಣೆಯಲ್ಲಿ ಒಂದು ನಗರ ನಕ್ಷೆಯೂ ಸಿಕ್ಕಿತ್ತು. ಕಿಂಗ್ ಅವರಿಗೆ ಸಂಬಂಧಿಸಿದ ಜಾಗಗಳ ಬಳಿ ಗುರುತು ಹಾಕಿತ್ತು, ಅದರ ಮೇಲೆ ರೇಯ ಬೆರಳಚ್ಚು ಇತ್ತು.

ಇಷ್ಟು ದೊಡ್ಡ ಕೇಸು, ಕೊನೆಗೆ ಮಾತಾಡಿದ್ದು ಇಸ್ತ್ರಿ ಬಟ್ಟೆ. ಹೊಣೆ ಹೊರುತ್ತೇನೆ ಎಂದ ಮಾತನ್ನು ರೇ ಉಳಿಸಿಕೊಳ್ಳಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಮೊದಲ ಪ್ರಶ್ನೆ ನನ್ನ ಮಟ್ಟಿಗೆ ಮುಗಿಯಿತು. ಸ್ಥಳದಲ್ಲಿ ಇನ್ನೊಬ್ಬನಿದ್ದ ಎನ್ನುವುದಕ್ಕೂ ಹಿಡಿದು ನಿಲ್ಲುವ ಆಧಾರ ಇಲ್ಲ. ಉಳಿದದ್ದು ಮೂರನೆಯದು. ಇಲ್ಲಿ ವಿಷಯ ಬೇರೆ.

ಮೊದಲಿಗೆ ಒಂದು ಸಂಗತಿ ಕೇಳಿ, ಇದು ಹೆಚ್ಚಿನ ವಿಡಿಯೊಗಳಲ್ಲಿ ಬರುವುದಿಲ್ಲ. 1968ರ ಏಪ್ರಿಲ್ 17ರಂದು ಎಫ್‌ಬಿಐ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾಕಿದ ಮೊಟ್ಟಮೊದಲ ದೂರಿನಲ್ಲೇ ಇಬ್ಬರು ಆರೋಪಿಗಳಿದ್ದರು. ಒಬ್ಬ ಎರಿಕ್ ಸ್ಟಾರ್ವೊ ಗಾಲ್ಟ್. ಇನ್ನೊಬ್ಬ, ‘ತನ್ನ ಸಹೋದರ ಎಂದು ಅವನು ಹೇಳಿಕೊಂಡ ವ್ಯಕ್ತಿ’. ಇದು ಎಲ್ಲಿಂದ ಬಂತು? ರೇ ಮೊದಲು ಒಂದು ಸಣ್ಣ ರೈಫಲ್ ಕೊಂಡಿದ್ದ. ಮಾರನೆಯ ದಿನವೇ ಅದನ್ನು ವಾಪಸ್ ತಂದು, ನಮ್ಮವರೊಬ್ಬರು ಇದಲ್ಲ ಅಂದರು ಎಂಬಂಥ ಕಾರಣ ಹೇಳಿ, ದೊಡ್ಡ ರೈಫಲಿಗೆ ಬದಲಾಯಿಸಿಕೊಂಡ. ಇಂಗ್ಲಿಷಿನಲ್ಲಿ ‘ಬ್ರದರ್’ ಅಂದರೆ ಮುಗಿಯಿತು. ಕನ್ನಡದಲ್ಲಿ ಬರೆಯುವವನಿಗೆ ಅಣ್ಣನೋ ತಮ್ಮನೋ ಎಂದು ತೀರ್ಮಾನಿಸದೆ ಗತಿಯಿಲ್ಲ. ರೇ ಮನೆಗೆ ಹಿರಿಮಗ. ಹಾಗಾಗಿ, ಅಂಥವನು ನಿಜವಾಗಿ ಇದ್ದರೆ, ತಮ್ಮ.

ರೇಗೆ ತಮ್ಮಂದಿರಿದ್ದರು. ಜಾನ್ ಮತ್ತು ಜೆರ್ರಿ ಹೆಸರು ಮತ್ತೆ ಮತ್ತೆ ಬರುತ್ತೆ. 1967ರ ಏಪ್ರಿಲ್ 23ರಂದು ರೇ ಜೈಲಿನ ಬೇಕರಿಯಿಂದ ಬ್ರೆಡ್ ಸಾಗಿಸುವ ಪೆಟ್ಟಿಗೆಯೊಳಗೆ ಕೂತು ತಪ್ಪಿಸಿಕೊಂಡ. ಅದರ ಹಿಂದಿನ ದಿನವೇ ಜಾನ್ ಜೈಲಿಗೆ ಭೇಟಿಗೆ ಬಂದಿದ್ದು ಜೈಲಿನ ದಾಖಲೆಯಲ್ಲಿದೆ. (ಸುಮ್ನೆ ಒಂದು ವಿಚಿತ್ರ: ರೇ ಸತ್ತದ್ದೂ ಏಪ್ರಿಲ್ 23ರಂದೇ, 31 ವರ್ಷದ ಮೇಲೆ, 1998ರಲ್ಲಿ.)

ಈಗ ದುಡ್ಡು. ಕ್ರಿಮಿನಲ್ ಕೇಸಿನಲ್ಲಿ ಗುಂಡಿನ ಹಿಂದೆ ಹೋಗುವುದಕ್ಕಿಂತ ದುಡ್ಡಿನ ಹಿಂದೆ ಹೋದರೆ ಬೇಗ ಊರು ಸಿಗುತ್ತೆ ಎಂಬುದು ನನ್ನ ಅನುಭವ. ಜೈಲಿನಿಂದ ತಪ್ಪಿಸಿಕೊಂಡ ಮೇಲೆ ರೇ ಮಾಡಿದ ನೆಟ್ಟಗಿನ ಕೆಲಸ ಒಂದೇ, ಷಿಕಾಗೊ ಬಳಿಯ ಹೋಟೆಲಿನಲ್ಲಿ ಪಾತ್ರೆ ತೊಳೆದದ್ದು. ಅದರಿಂದ ಬಂದದ್ದು ಕೆಲವು ನೂರು ಡಾಲರ್. ಆದರೆ ಸಿಕ್ಕಿಬೀಳುವವರೆಗಿನ ಹದಿನಾಲ್ಕು ತಿಂಗಳಲ್ಲಿ ಅವನು ಖರ್ಚು ಮಾಡಿದ್ದು ಸುಮಾರು 10 ಸಾವಿರ ಡಾಲರ್. ಬಿಳಿ ಮಸ್ಟಾಂಗ್ ಕಾರಿಗೇ ಹತ್ತಿರ ಹತ್ತಿರ 2,000 ಡಾಲರ್ ನಗದು ಕೊಟ್ಟಿದ್ದ. ಇದು ಎಲ್ಲಿಂದ ಬಂತು? ರವೂಲ್ ಕೊಟ್ಟ ಎನ್ನುತ್ತಾನೆ ರೇ.

1967ರ ಜುಲೈನಲ್ಲಿ ಇಲಿನಾಯ್ ರಾಜ್ಯದ ಆಲ್ಟನ್ ಊರಿನ ಬ್ಯಾಂಕ್ ದರೋಡೆಯಾಯಿತು. ಮುಖ ಮುಚ್ಚಿಕೊಂಡ ಇಬ್ಬರು, ಹೋದದ್ದು 27 ಸಾವಿರ ಡಾಲರ್‌ಗೂ ಜಾಸ್ತಿ. ಆಲ್ಟನ್ ರೇ ಹುಟ್ಟಿದ ಊರು. ಅದಾಗಿ ಕೆಲವೇ ದಿನದಲ್ಲಿ ಅವನು ಕೆನಡಾದಲ್ಲಿದ್ದ. ಈ ದರೋಡೆ ರೇ ಸಹೋದರರದ್ದು ಎಂದು ಸಂಸತ್ತಿನ ಸಮಿತಿ ಅನುಮಾನಿಸಿತು. ಸಹೋದರರು ಅಲ್ಲಗಳೆದರು. ಯಾರ ಮೇಲೂ ಅದು ಸಾಬೀತಾಗಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಆದರೆ ಲೆಕ್ಕ ಹಾಕಿ ನೋಡಿ. ಪಾತ್ರೆ ತೊಳೆದ ದುಡ್ಡಿಗೂ ಮಸ್ಟಾಂಗಿಗೂ ನಡುವಿನ ಹಳ್ಳ ತುಂಬಲು ರವೂಲ್ ಬೇಕಿಲ್ಲ. ದರೋಡೆಯ ಪಾಲು ಸಾಕು.

ಅದೇ ಸಮಿತಿ ಹುಡುಕಿ ತೆಗೆದ ಇನ್ನೊಂದು ಸಂಗತಿ ಇನ್ನೂ ಮುಖ್ಯ. ಸೇಂಟ್ ಲೂಯಿಸ್ ನಗರದಲ್ಲಿ ಜಾನ್ ಸದರ್‌ಲ್ಯಾಂಡ್ ಎಂಬ ಪೇಟೆಂಟ್ ವಕೀಲನಿದ್ದ, ಬಿಳಿಯರೇ ಮೇಲು ಎನ್ನುವವನು. ಕಿಂಗ್ ಅವರನ್ನು ಮುಗಿಸಿದರೆ, ಮುಗಿಸಲು ವ್ಯವಸ್ಥೆ ಮಾಡಿದರೆ, 50 ಸಾವಿರ ಡಾಲರ್ ಕೊಡುವುದಾಗಿ ಅವನೂ ಅವನ ಜೊತೆಗಾರ ಜಾನ್ ಕೌಫ್‌ಮನ್ ಎಂಬಾತನೂ ರಸೆಲ್ ಬೈಯರ್ಸ್ ಎಂಬುವನಿಗೆ ಹೇಳಿದ್ದರಂತೆ. 1966ರ ಕೊನೆಯೋ 1967ರ ಆರಂಭವೋ ಇರಬೇಕು. ನಮ್ಮ ಕಡೆಯ ಮಾತಿನಲ್ಲಿ ಸುಪಾರಿ. ತಾನು ಒಪ್ಪಲಿಲ್ಲ ಎಂದು ಬೈಯರ್ಸ್ ಹೇಳಿದ. ಸಮಿತಿ ಅವನ ಮಾತನ್ನು ನಂಬಿತು.

ಅದೇ ಸೇಂಟ್ ಲೂಯಿಸ್‌ನಲ್ಲಿ, 1968ರ ಆರಂಭದಲ್ಲಿ, ಜಾನ್ ರೇ ಒಂದು ಬಾರ್ ನಡೆಸುತ್ತಿದ್ದ. ವರ್ಣಭೇದ ಬೇಕು ಎಂದು ಬಹಿರಂಗವಾಗಿ ಹೇಳುತ್ತಿದ್ದ ಜಾರ್ಜ್ ವ್ಯಾಲೇಸ್ ಆ ವರ್ಷ ಅಧ್ಯಕ್ಷ ಚುನಾವಣೆಗೆ ನಿಂತಿದ್ದ. ಅವನ ಪರ ಓಡಾಡುವವರಿಗೆ ಈ ಬಾರ್ ಒಂದು ಅಡ್ಡೆ. ಸದರ್‌ಲ್ಯಾಂಡ್ ಕೂಡ ಅದೇ ಪಕ್ಷದಲ್ಲಿ ಓಡಾಡುತ್ತಿದ್ದವನು. ಜೇಮ್ಸ್ ರೇಯೂ ಲಾಸ್ ಏಂಜಲೀಸ್‌ನಲ್ಲಿ ವ್ಯಾಲೇಸ್ ಪ್ರಚಾರದ ಕಚೇರಿಗೆ ಹೋಗಿಬರುತ್ತಿದ್ದ. ಹಾಗಾದರೆ 50 ಸಾವಿರದ ಸುದ್ದಿ ಬಾರಿನಿಂದ ತಮ್ಮನಿಗೆ, ತಮ್ಮನಿಂದ ಅಣ್ಣನಿಗೆ ಹೋಯಿತಾ? ಹೋಗಿತ್ತು ಎಂದು ತೋರಿಸುವ ನೇರ ಸಾಕ್ಷ್ಯ ಸಮಿತಿಗೆ ಸಿಗಲಿಲ್ಲ. ಬರೀ ಸಾಂದರ್ಭಿಕ ಸಾಕ್ಷ್ಯದ ಮೇಲೆ, ರೇ ಗುಂಡು ಹಾರಿಸಿದ್ದು ಒಂದು ಸಂಚಿನ ಫಲವಾಗಿ ಇರುವ ಸಾಧ್ಯತೆ ಇದೆ ಎಂದು 1979ರಲ್ಲಿ ವರದಿ ಕೊಟ್ಟಿತು. ಆ ಹೊತ್ತಿಗೆ ಸದರ್‌ಲ್ಯಾಂಡ್, ಕೌಫ್‌ಮನ್ ಇಬ್ಬರೂ ಸತ್ತಿದ್ದರು. ಇದರಲ್ಲಿ ಹೊಟ್ಟೆ ಉರಿಸುವ ವಿಷಯ ಯಾವುದು ಗೊತ್ತಾ? ಬೈಯರ್ಸ್ ಈ ಕಥೆ ಹೇಳಿಕೊಂಡದ್ದನ್ನು ಎಫ್‌ಬಿಐನ ಬಾತ್ಮೀದಾರನೊಬ್ಬ ಕೆಲವು ವರ್ಷ ಮೊದಲೇ ತಿಳಿಸಿದ್ದ. ಅದು ಯಾವುದೋ ಫೈಲಿನಲ್ಲಿ ಸುಮ್ನೆ ಕೂತಿತ್ತು.

ಇದೆಲ್ಲ ವಿಚಾರಣೆಯಲ್ಲೇ ಹೊರಬರಬೇಕಿತ್ತಲ್ಲ ಎಂದು ನೀವು ಕೇಳಬಹುದು. ವಿಚಾರಣೆ ನಡೆದಿದ್ದರೆ ತಾನೆ! ಈ ಕೇಸಿನ ಮೂಲ ರೋಗವೇ ಅದು. ವಕೀಲರಿಗೆ ಕೊಡಲು ರೇ ಬಳಿ ದುಡ್ಡಿರಲಿಲ್ಲ. ಅವನ ಕಥೆಯನ್ನು ಪುಸ್ತಕ ಮಾಡಲು ಬಂದ ಲೇಖಕನೊಬ್ಬನ ಒಪ್ಪಂದದಿಂದ ವಕೀಲರ ಫೀಸು ಬರುತ್ತಿತ್ತು. ಕಕ್ಷಿದಾರ ಕೋರ್ಟಿನಲ್ಲಿ ಮಾತಾಡಿದರೆ ಪುಸ್ತಕದ ಬೆಲೆ ಬೀಳುತ್ತೆ, ಸುಮ್ಮನಿದ್ದರೆ ಏರುತ್ತೆ. ಇಂಥ ವ್ಯವಸ್ಥೆಯಲ್ಲಿ ವಕೀಲ ಯಾರ ಪರ? ವಕೀಲನಾಗಿ ನನಗೆ ಇದು ನಾಚಿಕೆಯ ವಿಷಯ. ಪರ್ಸಿ ಫೋರ್‌ಮನ್ ಎಂಬ ಹೆಸರಾಂತ ವಕೀಲ, ತಪ್ಪೊಪ್ಪಿಕೋ, ಇಲ್ಲದಿದ್ದರೆ ವಿದ್ಯುತ್ ಕುರ್ಚಿ ಗ್ಯಾರಂಟಿ ಎಂದು ರೇಯನ್ನು ಒಪ್ಪಿಸಿದರು.

1969ರ ಮಾರ್ಚ್ 10, ರೇಯ 41ನೇ ಹುಟ್ಟುಹಬ್ಬ. ಮೆಂಫಿಸ್ ಕೋರ್ಟಿನಲ್ಲಿ ತಪ್ಪೊಪ್ಪಿಗೆ. ಎಲ್ಲಾ ನಯವಾಗಿ ಸಾಗುತ್ತಿತ್ತು. ಸಂಚು ಇರಲಿಲ್ಲ ಎಂಬ ಮಾತಿಗೆ ಎರಡೂ ಕಡೆಯವರು ತಲೆಯಾಡಿಸುತ್ತಿದ್ದಾಗ ರೇ ಎದ್ದು ನಿಂತ. ಸಂಚು ಇಲ್ಲ ಎಂದು ಅಟಾರ್ನಿ ಜನರಲ್, ಎಫ್‌ಬಿಐ ಮುಖ್ಯಸ್ಥ ಹೂವರ್ ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ ಅಂದ. ಇಡೀ ಕೋರ್ಟು ಒಂದು ಕ್ಷಣ ತಬ್ಬಿಬ್ಬು. ನ್ಯಾಯಾಧೀಶ ಪ್ರೆಸ್ಟನ್ ಬ್ಯಾಟಲ್ ಮತ್ತೆ ಕೇಳಿದರು, ತಪ್ಪೊಪ್ಪಿಗೆ ಬದಲಾಯಿಸುತ್ತೀಯಾ? ಇಲ್ಲ ಅಂದ. ಹಾಗಾದರೆ ಸಂಚಿನಲ್ಲಿ ಯಾರಿದ್ದರು ಎಂದು ಆಗಲೇ ಯಾರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ! 99 ವರ್ಷ ಶಿಕ್ಷೆ ಕೊಟ್ಟು ಫೈಲು ಮುಚ್ಚಿದರು.

ಮೂರೇ ದಿನಕ್ಕೆ ರೇ ಉಲ್ಟಾ ಹೊಡೆದು, ತಪ್ಪೊಪ್ಪಿಗೆ ವಾಪಸ್, ವಿಚಾರಣೆ ಬೇಕು ಎಂದು ಪತ್ರ ಬರೆದ. ಅದೇ ತಿಂಗಳ 31ರಂದು ನ್ಯಾಯಾಧೀಶ ಬ್ಯಾಟಲ್ ತಮ್ಮ ಕಚೇರಿಯಲ್ಲೇ ಹೃದಯಾಘಾತದಿಂದ ಸತ್ತರು, ರೇಯ ಪತ್ರ ಮೇಜಿನ ಮೇಲಿತ್ತು. ಸಂಚಿನ ಕಥೆ ಕಟ್ಟುವವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ. ಆದರೆ ಮನುಷ್ಯರಿಗೆ ಹೃದಯಾಘಾತ ಆಗುತ್ತೆ, ಅಷ್ಟೇ.

ನಮ್ಮಲ್ಲಿ ಹೀಗಾಗುತ್ತಿರಲಿಲ್ಲ ಎಂದು ಇಲ್ಲಿ ಒಂದು ಮಾತು ಹೇಳಬೇಕು. 2006ರಿಂದ ನಮ್ಮಲ್ಲೂ ತಪ್ಪೊಪ್ಪಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಚೌಕಾಸಿ ಇದೆ, ಆದರೆ ಕೊಲೆಗಿಲ್ಲ. ಏಳು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಯಾವ ಅಪರಾಧಕ್ಕೂ ಇಲ್ಲ. ಕೊಲೆ ಆರೋಪಿ ‘ಹೌದು ಸ್ವಾಮಿ, ನಾನೇ’ ಎಂದರೂ ನಮ್ಮ ಸೆಷನ್ಸ್ ನ್ಯಾಯಾಧೀಶರು ಸಾಮಾನ್ಯವಾಗಿ ಸಾಕ್ಷಿಗಳನ್ನು ಕರೆಸಿಯೇ ತೀರುತ್ತಾರೆ. ನಮ್ಮ ವಿಚಾರಣೆಗಳು ಎಳೆಯುತ್ತವೆ, ಬೈಸಿಕೊಳ್ಳುತ್ತವೆ. ಆದರೂ ರೈಫಲ್ ಮಾರಿದ ಅಂಗಡಿಯವನು ಪಾಟೀ ಸವಾಲಿಗೆ ನಿಂತಿರುತ್ತಿದ್ದ, ‘ಇದಲ್ಲ ಅಂದವರು ಯಾರಂತೆ’ ಎಂಬ ಪ್ರಶ್ನೆ ಬಂದೇ ಬರುತ್ತಿತ್ತು.

ಸಂಚಿನ ವಾದದಲ್ಲಿ ನನಗೆ ಗಟ್ಟಿ ಎನಿಸುವ ಇನ್ನೊಂದು ಅಂಶ ಇದೆ, ಅದನ್ನು ಬಚ್ಚಿಡುವುದಿಲ್ಲ. ರೇ ಬಳಸಿದ ಗಾಲ್ಟ್, ವಿಲ್ಲರ್ಡ್, ಸ್ನೇಡ್ ಮುಂತಾದ ಹೆಸರುಗಳು ಟೊರೊಂಟೊದಲ್ಲಿ ನಿಜವಾಗಿ ಬದುಕಿದ್ದ ಜನರವು. ವಯಸ್ಸೂ ಚಹರೆಯೂ ಸುಮಾರಾಗಿ ಅವನಿಗೆ ಹೋಲುತ್ತಿದ್ದವು. ಕೊಲೆಯ ನಂತರ ಟೊರೊಂಟೊಗೆ ಓಡಿಹೋದಾಗ, ಗ್ರಂಥಾಲಯದಲ್ಲಿ ಹಳೇ ಪತ್ರಿಕೆಗಳ ಜನನ ಪ್ರಕಟಣೆ ನೋಡಿ ಹೆಸರು ಆರಿಸಿದೆ ಎಂದು ಅವನೇ ಹೇಳಿದ್ದಾನೆ. ಸ್ನೇಡ್ ಹೆಸರಿಗೆ ಆ ವಿವರಣೆ ಸಾಕು. ಆದರೆ ಗಾಲ್ಟ್ ಹೆಸರನ್ನು ಅವನು 1967ರಿಂದಲೇ ಬಳಸುತ್ತಿದ್ದ. ಇದು ಬೇಹುಗಾರಿಕೆ ಸಂಸ್ಥೆಯ ಕೈಚಳಕ ಎನ್ನುವವರಿದ್ದಾರೆ. ನನಗೆ ಹಾಗನ್ನಿಸದಿರಲು ಕಾರಣ ಮುಂದಿನ ಎರಡು ತಿಂಗಳು. ಪಾಸ್‌ಪೋರ್ಟಿನಲ್ಲಿ ಸ್ನೇಡ್ ಹೆಸರೇ ತಪ್ಪಾಗಿ ಅಚ್ಚಾಗಿತ್ತು. ಅದನ್ನು ಸರಿಮಾಡಿಸಲು ಅವನು ಲಿಸ್ಬನ್‌ನಲ್ಲಿ ಕೆನಡಾದ ರಾಯಭಾರ ಕಚೇರಿಗೆ ಹೋದ. ಹಳೆಯದನ್ನೂ ಹೊಸದನ್ನೂ ಎರಡನ್ನೂ ಇಟ್ಟುಕೊಂಡೇ ತಿರುಗಿದ. ಲಂಡನ್‌ನಲ್ಲಿ ಕೈ ಬರಿದಾಗಿ, ಜೂನ್ 4ರಂದು ಬ್ಯಾಂಕೊಂದಕ್ಕೆ ನುಗ್ಗಿ ಕಿತ್ತುಕೊಂಡದ್ದು ಸುಮಾರು 100 ಪೌಂಡ್. ನಾಲ್ಕು ದಿನದ ನಂತರ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಾಗ ಜೇಬಿನಲ್ಲಿ ರಿವಾಲ್ವರ್ ಇತ್ತು. ಸಿಐಎ ಕಳಿಸಿದವನ ಪಾಡು ಇದಾ?

ಈಗ ನಿಮ್ಮ ವಿಡಿಯೊದ ಆ 1999ರ ತೀರ್ಪು. ಅದು ಕ್ರಿಮಿನಲ್ ಕೇಸಲ್ಲ, ಸಿವಿಲ್ ದಾವೆ. ರೇ ಆಗಲೇ ಸತ್ತಿದ್ದ. ಪ್ರತಿವಾದಿ ಲಾಯ್ಡ್ ಜೋವರ್ಸ್, ಆ ಬಾಡಿಗೆ ಕೋಣೆಗಳ ಕೆಳಗೆ ಹೋಟೆಲು ನಡೆಸುತ್ತಿದ್ದವನು. ಘಟನೆಯಾಗಿ 25 ವರ್ಷದ ಮೇಲೆ, 1993ರಲ್ಲಿ, ಟಿವಿಯಲ್ಲಿ ಕಾಣಿಸಿಕೊಂಡು ತಾನೂ ಆ ಸಂಚಿನಲ್ಲಿದ್ದೆ ಎಂದ. ಗುಂಡು ಹಾರಿಸಿದವನು ಯಾರು ಎಂಬುದು ಅವನ ಬಾಯಲ್ಲಿ ಬದಲಾಗುತ್ತಲೇ ಇತ್ತು. ದಾವೆ ಹೂಡಿದ ಕಿಂಗ್ ಕುಟುಂಬಕ್ಕೆ ಸಂಚು ಇತ್ತು ಎಂದು ತೀರ್ಪು ಬೇಕಿತ್ತು. ಜೋವರ್ಸ್ ಪರ ವಕೀಲರೂ ಸಂಚು ಇತ್ತು ಎಂಬುದನ್ನು ಅಲ್ಲಗಳೆಯಲಿಲ್ಲ, ತಮ್ಮ ಕಕ್ಷಿದಾರನ ಪಾತ್ರ ಸಣ್ಣದು ಎಂದಷ್ಟೇ ವಾದಿಸಿದರು. ಇಬ್ಬರೂ ಒಂದೇ ಕಡೆ ಹಗ್ಗ ಎಳೆದರೆ ಹಗ್ಗಜಗ್ಗಾಟ ಹೇಗಾಗುತ್ತೆ? ಗಾಳಿಮಾತಿನ ಸಾಕ್ಷ್ಯವೂ ತಡೆಯಿಲ್ಲದೆ ಒಳಬಂತು. ಕೇಳಿದ ಪರಿಹಾರ 100 ಡಾಲರ್, ಸಿಕ್ಕಿದ್ದೂ ಅಷ್ಟೇ. ಮುಂದಿನ ವರ್ಷ ಅಮೆರಿಕದ ನ್ಯಾಯ ಇಲಾಖೆ ಜೋವರ್ಸ್ ಮಾತುಗಳನ್ನು ತನಿಖೆ ಮಾಡಿ, ನಂಬುವಂಥದ್ದು ಏನೂ ಇಲ್ಲ ಎಂದಿತು.

ಕಿಂಗ್ ಕುಟುಂಬ ಯಾಕೆ ನಂಬಿತು ಎಂಬುದು ನನಗೆ ಅರ್ಥವಾಗುತ್ತೆ. ಅವರಿಗೆ ಎಫ್‌ಬಿಐ ಮಾಡಿದ್ದು ಕಡಿಮೆಯೇನಲ್ಲ. ವರ್ಷಗಟ್ಟಲೆ ಫೋನು ಕದ್ದು ಕೇಳಿದರು. ಹೋಟೆಲ್ ಕೋಣೆಗಳಲ್ಲಿ ಮೈಕು ಇಟ್ಟರು. 1964ರಲ್ಲಿ ಕಿಂಗ್ ಅವರಿಗೆ ಹೆಸರಿಲ್ಲದ ಪತ್ರ ಕಳಿಸಿದರು, ಅವರನ್ನು ಸಾಯಲು ಪ್ರೇರೇಪಿಸುವಂತಿದ್ದ ಪತ್ರ. ಅದೇ ಸಂಸ್ಥೆ ಕೊಲೆಯ ತನಿಖೆಯನ್ನೂ ಮಾಡಿ ‘ಒಬ್ಬನೇ’ ಎಂದರೆ ಯಾವ ಮಗ ನಂಬುತ್ತಾನೆ? ಸಂಸತ್ತಿನ ಸಮಿತಿ ಎಫ್‌ಬಿಐ, ಸಿಐಎ, ಮೆಂಫಿಸ್ ಪೊಲೀಸ್ ಯಾರೂ ಕೊಲೆಯಲ್ಲಿ ಭಾಗಿಯಾಗಿರಲಿಲ್ಲ ಎಂದಿತು. ಜೊತೆಗೇ, ಸಂಚಿನ ಸಾಧ್ಯತೆಯನ್ನು ನೆಟ್ಟಗೆ ತನಿಖೆ ಮಾಡಲಿಲ್ಲ ಎಂದು ಎಫ್‌ಬಿಐಗೂ ನ್ಯಾಯ ಇಲಾಖೆಗೂ ಚೀಮಾರಿ ಹಾಕಿತು. ಎರಡೂ ಸರಿ ಎಂದೇ ನನ್ನ ಲೆಕ್ಕ.

2025ರ ಜುಲೈನಲ್ಲಿ ಅಮೆರಿಕ ಸರ್ಕಾರ ಈ ಕೇಸಿನ 2.3 ಲಕ್ಷಕ್ಕೂ ಜಾಸ್ತಿ ಪುಟ ಬಿಡುಗಡೆ ಮಾಡಿತು. ಎಫ್‌ಬಿಐ ಕದ್ದು ಕೇಳಿದ ಧ್ವನಿಸುರುಳಿಗಳು ಮಾತ್ರ 2027ರವರೆಗೆ ಮುಚ್ಚಿರಬೇಕು ಎಂದು 1977ರಲ್ಲೇ ಕೋರ್ಟು ಹೇಳಿತ್ತು. ಆ ಪೆಟ್ಟಿಗೆ ತೆರೆದರೆ ಕೊಲೆಗಾರನ ಹೆಸರು ಸಿಗುತ್ತೆ ಎಂದು ಹೇಳುವ ವಿಡಿಯೊ ಬಂದರೆ ಬೇಗ ಮುಚ್ಚಿ. ಅದರಲ್ಲಿರುವುದು ಕೊಲೆಗೆ ಮೊದಲಿನ ಮಾತುಗಳು, ಒಬ್ಬ ಮನುಷ್ಯನ ಖಾಸಗಿ ಬದುಕು. ನಿಮಗೆ ನಿಜವಾಗಿ ಆಸಕ್ತಿ ಇದ್ದರೆ 1979ರ ಸಮಿತಿ ವರದಿ ಹುಡುಕಿ, ಎಲ್ಲರಿಗೂ ಸಿಗುತ್ತೆ. ಉದ್ದ ಇದೆ. ಸೇಂಟ್ ಲೂಯಿಸ್ ಭಾಗದಿಂದ ಶುರುಮಾಡಿ. 50 ಸಾವಿರ ಡಾಲರ್‌ನ ಸುದ್ದಿ ರೇ ಕಿವಿಗೆ ಬಿದ್ದಿತ್ತಾ ಎಂದು ಅಲ್ಲಿ ನೀವೇ ತೂಗಿ ನೋಡಬಹುದು. ಬಿದ್ದಿತ್ತು ಎಂದೇ ನನ್ನ ಊಹೆ. ಆದರೆ ಅದರಲ್ಲಿ ಒಂದು ಡಾಲರ್ ಕೂಡ ಅವನ ಕೈಗೆ ಬಂದ ಗುರುತು ಎಲ್ಲೂ ಇಲ್ಲ.